ಪೈಪಿಗೆ ಕಿವಿಗೊಡದ ಕಮಾಂಡುಗಳು

ಯುನಿಕ್ಸ್ ಎಂದರೆ ಪೈಪು ಎನ್ನುವವರು ಬಹಳ ಮಂದಿ. ಆ ಹೊಗಳಿಕೆ ಸಲ್ಲತಕ್ಕದ್ದೇ. ಡಗ್ ಮೆಕಿಲ್‌ರಾಯ್ ವರ್ಷಗಟ್ಟಲೆ ಪಟ್ಟುಹಿಡಿದು ಕೇಳಿದ್ದನ್ನು ಕೆನ್ ಥಾಂಪ್ಸನ್ 1973ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ, ಒಂದೇ ರಾತ್ರಿ ಕೂತು ಕಟ್ಟಿಕೊಟ್ಟರು. ಆದರೆ ಅಳಿಸುವ ಆರ್‌ಎಂ, ನಕಲಿಸುವ ಸಿಪಿ, ಸರಿಸುವ ಎಂವಿ ಕಮಾಂಡುಗಳು ಫೈಲುಗಳ ಹೆಸರನ್ನು ಪೈಪಿನಿಂದ ಓದುವುದೇ ಇಲ್ಲ. ಆ ಹೆಸರುಗಳು ಅವುಗಳ ಸಾಲಿನಲ್ಲೇ, ಆರ್ಗ್ಯುಮೆಂಟಾಗಿ ಬರಬೇಕು. ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದರ ಆರ್ಗ್ಯುಮೆಂಟ್ ಮಾಡುವ ಈ ಕೆಲಸ ಪೈಪಿಗಿಂತ ನಾಜೂಕಿನದು ಎಂದೇ ನನ್ನ ಎಣಿಕೆ.

1979ರ ಬೋರ್ನ್ ಶೆಲ್ ಇದಕ್ಕೆ ಬ್ಯಾಕ್‌ಟಿಕ್ ಕೊಟ್ಟಿತು. ಆ ಎರಡು ಓರೆಗುರುತುಗಳ ನಡುವಿನ ಕಮಾಂಡನ್ನು ಶೆಲ್ ಮೊದಲು ಓಡಿಸಿ, ಬಂದ ಪಠ್ಯವನ್ನು ಅದೇ ಜಾಗದಲ್ಲಿ ಇಡುತ್ತದೆ. ಒಂದರೊಳಗೊಂದು ಬರೆಯಹೊರಟರೆ ಬ್ಯಾಕ್‌ಸ್ಲ್ಯಾಶ್‌ಗಳ ಕಾಟ. ಡೇವಿಡ್ ಕಾರ್ನ್ ಅವರ ಶೆಲ್ ತಂದ $(…) ಅದನ್ನು ಕಳೆಯಿತು. ಹೊಸದಾಗಿ ಬರೆಯುವವರು ಇವತ್ತು ಬ್ಯಾಕ್‌ಟಿಕ್ ಮುಟ್ಟಬೇಕಾಗಿಯೇ ಇಲ್ಲ.

ಬ್ಯಾಕ್‌ಟಿಕ್ ಆಗಲಿ $(…) ಆಗಲಿ, ಅಪಾಯವಿರುವುದು ಮುಂದಿನ ಹೆಜ್ಜೆಯಲ್ಲಿ. ಬಂದ ಪಠ್ಯವನ್ನು ಶೆಲ್ ಸ್ಪೇಸ್, ಟ್ಯಾಬ್, ಹೊಸ ಸಾಲು ಕಂಡಲ್ಲೆಲ್ಲ ತುಂಡರಿಸುತ್ತದೆ. ‘ಅಜ್ಜಿ ಮನೆ’ ಎಂಬ ಒಂದೇ ಫೈಲು ಆರ್‌ಎಂಗೆ ‘ಅಜ್ಜಿ’, ‘ಮನೆ’ ಎಂಬ ಎರಡು ಹೆಸರಾಗಿ ತಲುಪುತ್ತದೆ. ತುಂಡೊಂದು ಬರಿಯ ನಕ್ಷತ್ರ ಚಿಹ್ನೆಯಾಗಿದ್ದರಂತೂ ನೀವಿರುವ ಫೋಲ್ಡರಿನ, ಚುಕ್ಕಿಯಿಂದ ಶುರುವಾಗದ ಫೈಲುಗಳೆಲ್ಲ ಸಾಲಿಗೆ ಬಂದು ನಿಲ್ಲುತ್ತವೆ. ಉತ್ತರ ಒಂದೇ ಹೆಸರಾಗಿದ್ದರೆ ಡಬಲ್ ಕೋಟ್ ಹಾಕಿ: "$(…)". ಆಗ ಕೊನೆಯ ಹೊಸ ಸಾಲುಗಳಷ್ಟೇ ಉದುರಿ, ಉಳಿದದ್ದು ಇಡಿಯಾಗಿ ಹೋಗುತ್ತದೆ.

ಹೆಸರುಗಳು ಲಕ್ಷಗಟ್ಟಲೆ ಇದ್ದರೆ ಆರ್ಗ್ಯುಮೆಂಟ್ ಪಟ್ಟಿ ಉದ್ದವಾಯಿತೆಂದು ಕರ್ನಲ್ಲೇ ತಡೆಯುತ್ತದೆ. ಅಲ್ಲಿ ಬೇಕಾಗುವುದು ಎಕ್ಸ್‌ಆರ್ಗ್ಸ್. ಪೈಪಿನಿಂದ ಹೆಸರುಗಳನ್ನು ಓದಿ, ಮಿತಿಗೆ ಹಿಡಿಸುವಷ್ಟನ್ನು ಕಂತುಕಂತಾಗಿ ಕಮಾಂಡಿಗೆ ಒಪ್ಪಿಸುತ್ತದೆ. ಅದೂ ಸ್ಪೇಸ್ ಕಂಡಲ್ಲಿ ತುಂಡರಿಸುವ ಜಾತಿಯೇ, ಆದರೆ ಇದಕ್ಕೊಂದು ಸೊಗಸಾದ ಪರಿಹಾರವಿದೆ. ಯುನಿಕ್ಸ್ ಫೈಲಿನ ಹೆಸರಿನೊಳಗೆ ಬರಲಾಗದ ಬೈಟುಗಳು ಎರಡೇ: ಸ್ಲ್ಯಾಶ್ ಮತ್ತು ನಲ್. ಹೆಸರುಗಳನ್ನು ಹುಡುಕಿಕೊಡುವ ಫೈಂಡ್‌ಗೆ ‘-ಪ್ರಿಂಟ್0’, ಎಕ್ಸ್‌ಆರ್ಗ್ಸ್‌ಗೆ ‘-0’ ಕೊಟ್ಟರೆ ಹೆಸರುಗಳ ನಡುವೆ ನಲ್ ನಿಲ್ಲುತ್ತದೆ, ಒಳಗಿನ ಸ್ಪೇಸು, ಕೋಟು, ಹೊಸ ಸಾಲು ಯಾವುದೂ ಕೆಡುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಅವುಗಳಲ್ಲಿ ನಲ್ ಆಗಲಿ ಸ್ಲ್ಯಾಶ್ ಆಗಲಿ ಬರುವುದೇ ಇಲ್ಲವಾದ್ದರಿಂದ ನಮ್ಮ ಹೆಸರುಗಳೂ ಕ್ಷೇಮ. 2024ರ ಪೋಸಿಕ್ಸ್ ಮಾನಕ ‘-ಪ್ರಿಂಟ್0’, ‘-0’ ಎರಡನ್ನೂ ಕೊನೆಗೂ ಸೇರಿಸಿಕೊಂಡದ್ದು ನನಗೆ ನಿಜವಾಗಿ ಸಂತೋಷ ಕೊಟ್ಟ ಸುದ್ದಿ.

ಅಳಿಸುವ ಮೊದಲು ಆರ್‌ಎಂ ಇರುವಲ್ಲಿ ಪ್ರಿಂಟ್‌ಎಫ್ ಇಟ್ಟು, ಒಂದೊಂದು ಆರ್ಗ್ಯುಮೆಂಟನ್ನೂ ಚೌಕ ಆವರಣದೊಳಗೆ ಒಂದೊಂದು ಸಾಲಾಗಿ ಬರೆಸಿ ನೋಡಿ. ಎಕೋ ಸಾಲದು, ಒಂದು ಹೆಸರೋ ಎರಡೋ ಎಂಬುದನ್ನು ಅದು ತೋರಿಸುವುದಿಲ್ಲ.