ದೂಳಿನ ಉಂಗುರ ಅಳೆದ ದೂರದರ್ಶಕ

ಕ್ರಿಯಾಶೀಲ ಗೆಲಾಕ್ಸಿಯ ನಡುವಿನ ದೈತ್ಯ ಕಪ್ಪುಕುಳಿಯನ್ನು ದೂಳಿನ ದಪ್ಪ ಉಂಗುರವೊಂದು ಸುತ್ತುವರಿದಿರುತ್ತದೆ. ಕುಳಿಯತ್ತ ಬೀಳುವ ಅನಿಲ ಕಾದು ಚೆಲ್ಲುವ ಬೆಳಕನ್ನು ಈ ದೂಳು ಹೀರಿ, ಅವಗೆಂಪು ಕಿರಣಗಳಾಗಿ ಮರಳಿ ಸೂಸುತ್ತದೆ. ಸುಮಾರು 1500 ಕೆಲ್ವಿನ್ ಮೀರಿದರೆ ದೂಳೇ ಆವಿಯಾಗುವುದರಿಂದ ಉಂಗುರದ ಒಳ ಅಂಚು ಕೇಂದ್ರದಿಂದ ತುಸು ದೂರ ಉಳಿಯುತ್ತದೆ.

ಆ ದೂರವನ್ನು ನೇರವಾಗಿ ನೋಡಿ ಅಳೆಯುವುದು ಕಷ್ಟ. ಆದರೆ ಕೇಂದ್ರದ ಬೆಳಕು ದೂಳನ್ನು ತಲುಪಲು ಹಿಡಿಯುವ ಕಾಲದ ಲೆಕ್ಕದಿಂದ ಅಳೆಯಬಹುದು. ಕೇಂದ್ರ ಮಿನುಗಿದ ಎಷ್ಟು ದಿನಗಳ ಮೇಲೆ ದೂಳು ಮಿನುಗಿತು ಎಂಬುದೇ ಅಳತೆಗೋಲು.

ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದಿರುವ ಲಡಾಖಿನ ಹಾನ್ಲೆ ಸುಮಾರು 4500 ಮೀಟರ್ ಎತ್ತರದ ಒಣ ಪ್ರದೇಶ. ಅವಗೆಂಪನ್ನು ನುಂಗುವ ನೀರಾವಿ ಅಲ್ಲಿ ಕಡಿಮೆ. ದೂರದರ್ಶಕವನ್ನು ನಡೆಸುವುದು ಬೆಂಗಳೂರು ಬಳಿಯ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ‘ಟಿರ್‌ಸ್ಪೆಕ್’ ಉಪಕರಣ 2013ರಲ್ಲಿ ಅದಕ್ಕೆ 1ರಿಂದ 2.5 ಮೈಕ್ರಾನ್‌ವರೆಗಿನ ಅವಗೆಂಪು ಕಣ್ಣು ಕೊಟ್ಟಿತು.

2016–17ರಲ್ಲಿ ಎಚ್0507+164 ಎಂಬ ಗೆಲಾಕ್ಸಿಯನ್ನು ಈ ದೂರದರ್ಶಕದಿಂದ ತಿಂಗಳುಗಟ್ಟಲೆ ಗಮನಿಸಿದಾಗ, ಅವಗೆಂಪು ಬದಲಾವಣೆ ಗೋಚರ ಬೆಳಕಿಗಿಂತ ಸುಮಾರು 35 ದಿನ ಹಿಂದುಳಿದಿತ್ತು. ಅಂದರೆ ಉಂಗುರದ ಒಳ ಅಂಚು ಕೇಂದ್ರದಿಂದ ಬೆಳಕು ಸರಿಸುಮಾರು 35 ದಿನಗಳಲ್ಲಿ ಸಾಗುವಷ್ಟು ದೂರದಲ್ಲಿದೆ. ಸಾಧಾರಣ ಗಾತ್ರದ ಕನ್ನಡಿಯೂ ತಾಳ್ಮೆಯ ಸರಣಿ ವೀಕ್ಷಣೆಯಿಂದ ಇಂಥ ಸೂಕ್ಷ್ಮ ಅಳತೆ ಸಾಧಿಸಬಲ್ಲದು.