ನೀರು ಬೇಡದ ಒಳ್ಳು

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡುವ ಹೊತ್ತಿಗೆ ಹೊಲದಲ್ಲಿ ಮೆಣಸಿನಕಾಯಿ ಕೆಂಪಾಗಿರುತ್ತದೆ. ಬಾದಾಮಿ ಸೀಮೆಯಲ್ಲಿ ರಂಜಕಕ್ಕೆ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿಗೆ, ಇದೇ ಕಾಲ. ಹಣ್ಣಾದ ಹಸಿ ಮೆಣಸಿನಕಾಯಿ, ಉಪ್ಪು, ಬಳ್ಳೊಳ್ಳಿ, ಹುರಿದ ಮೆಂತ್ಯ, ಇಂಗು, ಲಿಂಬಿರಸ, ಕೆಲವು ಮನೆಗಳಲ್ಲಿ ಚೂರು ಬೆಲ್ಲ. ಬಣ್ಣ ಬೇಕೆನ್ನುವವರು ಬ್ಯಾಡಗಿ ಕಾಯಿ ಹುಡುಕುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಕೆಂಪು ಹೆಚ್ಚು, ಖಾರ ಕಡಿಮೆ. ಕುಟ್ಟಿ ಭರಣಿಗೆ ತುಂಬಿದರೆ ಜೋಳದ ರೊಟ್ಟಿಗೆ ವರ್ಷದ ಜೊತೆ ಸಿಕ್ಕಂತೆ.

ಒಳ್ಳಿನಾಗ (ಒರಳಿನಲ್ಲಿ) ಕುಟ್ಟಿದ್ದು ಕೆಡೂದಿಲ್ಲ ಎಂಬ ಮಾತು ಇಲ್ಲಿನ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಅದನ್ನು ಒರೆಗೆ ಹಚ್ಚಿ ನೋಡಬೇಕು.

ರಂಜಕವನ್ನು ಕಾಯುವುದು ಕಲ್ಲಲ್ಲ, ಉಪ್ಪು ಮತ್ತು ಹುಳಿ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆದು ಕೊಳೆಸುವ ಸೂಕ್ಷ್ಮಜೀವಿಗಳ ಕೈಕಟ್ಟುತ್ತದೆ. ಲಿಂಬಿರಸ ಅದಕ್ಕೆ ಬಲ ಕೊಡುತ್ತದೆ. ಹಾಗಾದರೆ ಒಳ್ಳಿನ ಪಾಲೇನು?

ಪಾಲಿದೆ, ಅದೂ ದೊಡ್ಡದೇ. ಮಿಕ್ಸಿಯ ಬ್ಲೇಡಿಗೆ ತೆಳ್ಳಗಿನದು ಬೇಕು. ಹಸಿ ಕಾಯಿ ಜಾರಿನ ಗೋಡೆಗೆ ಮೆತ್ತಿಕೊಂಡು ನಿಂತಾಗ ಸದ್ದಷ್ಟೇ ಬರುತ್ತದೆ, ಕೈ ತಾನಾಗಿ ತಂಬಿಗೆಯತ್ತ ಹೋಗುತ್ತದೆ. ಆ ಗುಟುಕು ನೀರು ಉಪ್ಪನ್ನೂ ಹುಳಿಯನ್ನೂ ತೆಳುಮಾಡುತ್ತದೆ. ಭರಣಿಯ ಬಾಯಲ್ಲಿ ಬಿಳಿ ಬೂಷ್ಟು ಏಳಲು ಇದೂ ಒಂದು ಕಾರಣ. ಒನಕೆಗೆ ಆ ಹಂಗಿಲ್ಲ. ಮೊದಲ ಪೆಟ್ಟುಗಳಿಗೆ ಕಾಯಿ ಚಪ್ಪಟೆಯಾಗಿ ಪಕ್ಕಕ್ಕೆ ಜಾರುತ್ತದೆ. ಕೈಯಿಂದ ನಡುವಿಗೆ ತಳ್ಳಿ ಮತ್ತೆ ಕುಟ್ಟಿದರೆ ಸಿಪ್ಪೆ ನಾರುನಾರಾಗಿ ಬಿಚ್ಚಿ, ತನ್ನದೇ ರಸದಲ್ಲಿ ಮುದ್ದೆಯಾಗುತ್ತದೆ. ಬೀಜ ಬಹುಪಾಲು ಇಡಿಯಾಗಿಯೇ ಉಳಿದು ರೊಟ್ಟಿಯ ತುತ್ತಿನಲ್ಲಿ ಹಲ್ಲಿಗೆ ಸಿಗುತ್ತದೆ. ಒಳ್ಳಿನ ಹಿರಿಮೆ ಇಲ್ಲಿದೆ, ಹಳೆಯದೆಂಬ ಮೋಹದಲ್ಲಲ್ಲ.

ಕಲ್ಲೂ ಒಳ್ಳೆಯದಿರಬೇಕು. ಬಾದಾಮಿಯ ಮರಳುಗಲ್ಲು 578ರ ಶಾಸನವಿರುವ ಮೂರನೆಯ ಗುಹೆಯಂಥ ಚೆಲುವಿಗೆ ಒದಗಿತು, ಆದರೆ ಪೆಟ್ಟಿಗೆ ಅದು ಮರಳು ಉದುರಿಸುತ್ತದೆ. ಒಳ್ಳಿಗೆ ಹುಳಿಗೂ ಜಗ್ಗದ ಕಗ್ಗಲ್ಲೇ ಸೈ.

ಇಷ್ಟೆಲ್ಲ ಹೊಗಳುವಾಗ ಕುಟ್ಟುವವರು ಯಾರು ಎಂಬುದನ್ನು ಮರೆಯುವುದು ಅನ್ಯಾಯ. ಖಾರದ ಅಂಶ ನೀರಿಗೆ ಕರಗುವುದಿಲ್ಲ. ಎಷ್ಟು ತೊಳೆದರೂ ಅಂಗೈ ರಾತ್ರಿಯೆಲ್ಲ ಉರಿಯುತ್ತದೆ. ಎಣ್ಣೆ ಸವರಿಕೊಂಡು ಕೂತ ಹೆಣ್ಣುಮಕ್ಕಳ ರಟ್ಟೆನೋವನ್ನು ಲೆಕ್ಕಕ್ಕೆ ಹಿಡಿಯದ ರುಚಿಯ ವರ್ಣನೆ ಅರೆಬರೆ. ಒಳ್ಳು ಹಿತ್ತಲು ಸೇರಿದ್ದಕ್ಕೆ ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ನಡುವಿನ ದಾರಿಯೊಂದಿದೆ. ತೊಳೆದ ಕಾಯಿಯ ಪಸೆ ಪೂರ್ತಿ ಆರಿದ ಮೇಲೆ ತೊಟ್ಟು ತೆಗೆದು, ಹೆಚ್ಚಿ, ಉಪ್ಪು ಬೆರೆಸಿ ಒಂದು ರಾತ್ರಿ ಮುಚ್ಚಿಡುವುದು. ಬೆಳಗ್ಗೆ ಅದು ಬಿಟ್ಟ ರಸವನ್ನೇ ಲಿಂಬಿರಸದ ಜೊತೆ ಜಾರಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಬ್ಲೇಡು ಹನಿ ನೀರಿಲ್ಲದೆ ಓಡುತ್ತದೆ. ಬೀಜ ಒಡೆಯುತ್ತದೆ, ನಾರು ಕತ್ತರಿಸಿ ಹೋಗುತ್ತದೆ. ತಿಂದು ಬಲ್ಲವರಿಗೆ ವ್ಯತ್ಯಾಸ ತಿಳಿಯುತ್ತದೆ. ಆದರೆ ಬೂಷ್ಟಿನ ಕಾಟ ತಪ್ಪುತ್ತದೆ, ಒಣ ಚಮಚದಿಂದಲೇ ತೆಗೆಯುವ ಶಿಸ್ತಿದ್ದರೆ.