ಹಗುರ ಯಾರ ಸೊತ್ತು?

ಹದಿಹರೆಯದ ಪ್ರೇಮದ ಚಿತ್ರಕಥೆಗೂ ಇಂಥ ಪತ್ರಿಕೆಗೂ ಏನು ಸಂಬಂಧ ಅಂತ ಕೆಲವು ಗೆಳೆಯರು ಕೇಳಬಹುದು. ಭೂಮಿ, ಕೂಲಿ, ಅವಮಾನ ಇವನ್ನೆಲ್ಲ ಬಿಟ್ಟು ಬೇಸಿಗೆಯ ಹುಡುಗ-ಹುಡುಗಿ ಆಟದ ಮಾತು ಯಾಕೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಲಕ್ಷಾಂತರ ಜನ ಓದಿ, ನಕ್ಕು, ಅತ್ತ ಕಥೆಯನ್ನು ಬರೀ ಟೈಮ್‌ಪಾಸ್ ಅಂತ ತಳ್ಳಿಹಾಕುವ ವಿಮರ್ಶೆ ಜನಪರ ಹೇಗಾಗುತ್ತೆ? ಜನರ ಖುಷಿ ಎಲ್ಲಿದೆ ಅಂತ ತಿಳಿಯದವನಿಗೆ ಜನರ ನೋವೂ ಅರ್ಧ ಮಾತ್ರ ತಿಳಿದಿರುತ್ತೆ.

ಜಪಾನಿನ ಅದಾಚಿ ಮಿತ್ಸುರು ಬರೆದ 'ಟಚ್' ಎಂಬ ಮಾಂಗಾ 1981ರಿಂದ 1986ರವರೆಗೆ 'ಶೋನೆನ್ ಸಂಡೇ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಪುಸ್ತಕವಾದಾಗ 26 ಸಂಪುಟ. ಇಲ್ಲಿವರೆಗೆ ಹತ್ತು ಕೋಟಿಗೂ ಹೆಚ್ಚು ಪ್ರತಿ ಅಚ್ಚಾಗಿವೆ. ಕಥೆ ಸರಳ. ತಾತ್ಸುಯ, ಕಾಜುಯ ಎಂಬ ಅವಳಿ ಅಣ್ಣತಮ್ಮ. ಪಕ್ಕದ ಮನೆಯಲ್ಲಿ ಮಿನಾಮಿ. ಅವಳ ಅಪ್ಪ ಕಾಫಿ ಅಂಗಡಿ ಇಟ್ಟವನು, ತಾಯಿ ಇಲ್ಲ. ಮಕ್ಕಳು ಓದಲಿ, ಆಡಲಿ ಅಂತ ಎರಡು ಮನೆಯವರೂ ಸೇರಿ ನಡುವೆ ಒಂದು ಕೋಣೆ ಕಟ್ಟಿಸಿದ್ದಾರೆ. ತಮ್ಮ ಶ್ರಮಜೀವಿ, ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವವನು. ಅಣ್ಣ ಸೋಮಾರಿ. ಇಬ್ಬರಿಗೂ ಮಿನಾಮಿ ಮೇಲೆ ಮನಸ್ಸು. ಮಿನಾಮಿಯ ಕನಸು ಒಂದೇ, ಕೋಶಿಯೆನ್.

ಕೋಶಿಯೆನ್ ಅಂದರೆ ನಿಶಿನೊಮಿಯಾ ಊರಿನ ಕ್ರೀಡಾಂಗಣ. 1924ರಲ್ಲಿ ಕಟ್ಟಿದ್ದು. ಪ್ರತಿ ಆಗಸ್ಟ್‌ನ ಉರಿಬಿಸಿಲಲ್ಲಿ ಇಡೀ ದೇಶದ ಹೈಸ್ಕೂಲು ತಂಡಗಳ ಪಂದ್ಯ ಅಲ್ಲಿ ನಡೆಯುತ್ತೆ. ಜಪಾನಿನವರಿಗೆ ಬೇಸಿಗೆ ಅಂದರೆ ಅದೇ.

ಅದಾಚಿಯ ಕುಶಲತೆ ಮಾತಿಲ್ಲದ ಚೌಕಟ್ಟುಗಳಲ್ಲಿದೆ. ಹುಡುಗ ಏನೋ ಹೇಳಬೇಕು ಅನ್ನುವಷ್ಟರಲ್ಲಿ ಪುಟದ ಮೇಲೆ ಬರೀ ಆಕಾಶ, ಒಂದು ಮೋಡ, ಒಣಹಾಕಿದ ಬಟ್ಟೆ, ಮಲಗಿದ ನಾಯಿ. ಹೇಳದೆ ಉಳಿದದ್ದನ್ನ ಓದುಗನೇ ತುಂಬಿಕೊಳ್ಳಬೇಕು. ಪ್ರೀತಿಯ ಮಾತು ಬಾಯಿಗೆ ಬರೋದಕ್ಕೆ ಐದು ವರ್ಷದ ಧಾರಾವಾಹಿ ಬೇಕಾಯ್ತು. ನಡುನಡುವೆ ಲೇಖಕನೇ ಚಿತ್ರದೊಳಗೆ ಬಂದು ತನ್ನನ್ನೇ ಗೇಲಿ ಮಾಡಿಕೊಳ್ತಾನೆ. ಭಾಷಣವಿಲ್ಲ, ನೀತಿಪಾಠವಿಲ್ಲ. ಭಾಷಣ ಜಾಸ್ತಿಯಾದ ನಮ್ಮ ಬರವಣಿಗೆ ಇವನಿಂದ ಕಲಿಯಬೇಕಾದ್ದು ಇದೆ.

ನಡುಗಾಲದಲ್ಲಿ ಕಾಜುಯ ಸಾಯ್ತಾನೆ. ಪ್ರಾಂತೀಯ ಫೈನಲ್ ಪಂದ್ಯಕ್ಕೆ ಹೋಗುವ ದಾರಿಯಲ್ಲಿ ಮಗುವೊಂದನ್ನು ಉಳಿಸಲು ಹೋಗಿ ವಾಹನಕ್ಕೆ ಸಿಕ್ಕಿ ಸತ್ತ. ನಗಿಸುತ್ತಿದ್ದ ಕಥೆ ಹೀಗೆ ಮಾಡಿದ್ದನ್ನ ಓದುಗರು ಸಹಿಸಲಿಲ್ಲ. ಪತ್ರಿಕೆಯ ಕಚೇರಿಗೆ ಪ್ರತಿಭಟನೆಯ ಫೋನುಗಳ ಸುರಿಮಳೆ.

ಇದಕ್ಕೂ ಹಿಂದೆ, 1970ರ ಮಾರ್ಚ್ 24ರಂದು, ಟೋಕಿಯೊದಲ್ಲಿ ಇನ್ನೊಂದು ಮಾಂಗಾದ ಪಾತ್ರಕ್ಕೆ ನಿಜವಾದ ಶವಸಂಸ್ಕಾರದ ಸಭೆಯೇ ನಡೆದಿತ್ತು. 'ಆಶಿತಾ ನೊ ಜೋ' ಕಥೆಯ ಬಾಕ್ಸರ್ ರಿಕಿಶಿ ಸತ್ತಾಗ, ಕವಿ ತೆರಾಯಾಮ ಶೂಜಿಯ ಮುಂದಾಳತ್ವದಲ್ಲಿ, ಪ್ರಕಾಶಕರ ಕಟ್ಟಡದಲ್ಲೇ ಸುಮಾರು 700 ಜನ ಸೇರಿದ್ದರು. ಅದು ಕೊಳೆಗೇರಿಯ ಅನಾಥ ಹುಡುಗನ ಕಥೆ, ವಿದ್ಯಾರ್ಥಿ ಹೋರಾಟ ಇನ್ನೂ ಬಿಸಿಯಾಗಿದ್ದ ಕಾಲ. ಅಲ್ಲಿ ಓದುಗರು ಒಟ್ಟಾಗಿ ಅತ್ತರು. 'ಟಚ್' ಕಾಲಕ್ಕೆ ಒಬ್ಬೊಬ್ಬರೇ ಮನೆಯಿಂದ ಫೋನು ಮಾಡಿದರು. ಎರಡೂ ನಿಜವಾದ ದುಃಖವೇ. ಆದರೆ ಬೀದಿಯ ದುಃಖ ಮನೆಯ ದುಃಖವಾದ ಬಗೆಯನ್ನ ಗಮನಿಸಬೇಕು.

ಇನ್ನು ಮಿನಾಮಿ. ಕೋಶಿಯೆನ್ ಕನಸು ಅವಳದು. ಆದರೆ ಆ ಪಂದ್ಯದಲ್ಲಿ ಹೆಣ್ಣು ಆಡುವ ಹಾಗಿಲ್ಲ. ತಂಡದ ಕೆಲಸ ನೋಡಿಕೊಳ್ಳುವ ಹುಡುಗಿ ಲೆಕ್ಕ ಬರೆಯೋಕೆ ಅಂತ ಆಟಗಾರರ ಬೆಂಚಿನ ಮೇಲೆ ಕೂರೋದಕ್ಕೂ 1996ರವರೆಗೆ ಕಾಯಬೇಕಾಯ್ತು. ಹುಡುಗಿಯರ ಪ್ರತ್ಯೇಕ ಪಂದ್ಯಾವಳಿಯ ಫೈನಲ್ ಆ ನೆಲದ ಮೇಲೆ ಮೊದಲು ನಡೆದದ್ದು 2021ರಲ್ಲಿ. ಹೀಗಾಗಿ ಮಿನಾಮಿ 'ನನ್ನನ್ನ ಕರ್ಕೊಂಡು ಹೋಗಿ' ಅಂತ ಕೇಳಬೇಕೇ ಹೊರತು 'ನಾನು ಹೋಗ್ತೀನಿ' ಅನ್ನೋ ಹಾಗಿಲ್ಲ. ಗಂಡುಹುಡುಗರು ಅವಳನ್ನ ಆರಾಧಿಸಿದರು. ಮಿನಾಮಿಯನ್ನು ಕಂಡರಾಗದು ಎಂಬ ಹೆಣ್ಣುಮಕ್ಕಳೂ ಅಷ್ಟೇ ಇದ್ದಾರೆ. ಅದು ಹೊಟ್ಟೆಕಿಚ್ಚಲ್ಲ. ಗಂಡಸರ ಕನಸಿಗೆ ಹೊಂದುವ ಹಾಗೆ ಹೆಣ್ಣನ್ನು ಕಡೆದಿದ್ದಾರೆ ಅನ್ನೋ ಸಿಟ್ಟು ಅದು. ನ್ಯಾಯವಾದ ಸಿಟ್ಟು.

ಈಗ ನಮಗೆ ಹತ್ತಿರದ ಮಾತಿಗೆ ಬರೋಣ. ಈ ಕಥೆಯಲ್ಲಿ ಯಾರೂ ಯಾರ ಮೂಲವನ್ನೂ ಕೇಳಲ್ಲ. ಎರಡು ಮನೆಗಳ ನಡುವೆ ಗೋಡೆ ಇಲ್ಲ, ಕೋಣೆ ಇದೆ. ಪ್ರೀತಿಗೆ ಅಡ್ಡಿ ಅಂದರೆ ನಾಚಿಕೆ, ತಮ್ಮನ ನೆನಪು, ಇನ್ನೊಬ್ಬ ಆಟಗಾರ. ಅಷ್ಟೆ. ಆದರೆ ಅದೇ ಜಪಾನಿನಲ್ಲಿ ಬುರಾಕು ಜನ ಇದ್ದಾರೆ. ಬುರಾಕು ಅಂದರೆ ಬರೀ 'ಹಳ್ಳಿ' ಅಂತ ಅರ್ಥ. ನಮ್ಮ 'ಕೇರಿ' ಅನ್ನೋ ಮಾತಿನ ಹಾಗೇ, ಹೇಳುವವರ ಬಾಯಲ್ಲಿ ಅದು ಬೇರೆಯೇ ಆಗುತ್ತೆ. ಚರ್ಮದ ಕೆಲಸ, ಕಸಾಯಿ ಕೆಲಸ ಮಾಡಿಸಿಕೊಂಡು ಹೊರಗಿಟ್ಟ ಜನರ ಮಕ್ಕಳು ಅವರು. 1922ರಲ್ಲೇ 'ಸುಯಿಹೆಯಿಶಾ' ಸಂಘಟನೆ ಕಟ್ಟಿ ಮನುಷ್ಯರ ಘನತೆ ಸಾರಿದವರು. 1975ರಲ್ಲಿ ಒಂದು ವಿಷಯ ಬಯಲಾಯ್ತು. ದೇಶದ ಬುರಾಕು ಊರುಗಳ ಹೆಸರು, ಮನೆಗಳ ಲೆಕ್ಕ, ಕಸುಬು ಎಲ್ಲ ಬರೆದ ಗುಪ್ತ ಪಟ್ಟಿಗಳನ್ನು ಮಾರಾಟ ಮಾಡುತ್ತಿದ್ದರು. 200ಕ್ಕೂ ಹೆಚ್ಚು ಕಂಪನಿಗಳು ಕೊಂಡಿದ್ದವು. ಕೆಲಸಕ್ಕೆ ಬಂದವನ ಮೂಲ ಹುಡುಕೋದಕ್ಕೆ ಆ ಪಟ್ಟಿ. ಮದುವೆಗೆ ಮುಂಚೆ ಹುಡುಗ-ಹುಡುಗಿಯ ಮೂಲ ಕೆದಕೋದಕ್ಕೆ ಖಾಸಗಿ ಪತ್ತೆದಾರರು. ಇಂಥ ತನಿಖೆಗೆ ಕಡಿವಾಣ ಹಾಕುವ ಕಾನೂನು ಒಸಾಕಾ ಪ್ರಾಂತ್ಯದಲ್ಲಿ ಬಂದದ್ದು 1985ರ ಮಾರ್ಚ್‌ನಲ್ಲಿ. ಅದೇ ತಿಂಗಳು 'ಟಚ್' ಟಿವಿಯಲ್ಲಿ ಶುರುವಾಗಿ ಮನೆಮನೆ ತಲುಪಿತು. ಬುರಾಕು ತಾರತಮ್ಯ ಇನ್ನೂ ಇದೆ ಅಂತ ಒಪ್ಪಿಕೊಂಡು ದೇಶದ ಸಂಸತ್ತು ಕಾಯ್ದೆ ಮಾಡಿದ್ದು 2016ರಲ್ಲಿ.

ಹಾಗಾದರೆ ಅದಾಚಿ ಸುಳ್ಳು ಬರೆದನೆ? ಹಾಗನ್ನೋದು ಸುಲಭ. ಬುರಾಕು ಊರಿನ ಹುಡುಗಿಯೂ ಈ ಕಥೆ ಓದಿರಲೇಬೇಕು, ಅಷ್ಟು ಪ್ರತಿಗಳಲ್ಲಿ ಅವಳ ಕೈಗೂ ಒಂದು ಬಂದಿರಲೇಬೇಕು. ಯಾರೂ ತನ್ನ ಊರು ಕೇಳದ ಬೇಸಿಗೆಯನ್ನು ಅವಳು ಪುಟದ ಮೇಲೆ ಕಂಡಿರಬಹುದು. ಅವಳಿಗೆ ಅದು ಸುಳ್ಳೋ, ಬರಬೇಕಾದ ಬಾಕಿಯೋ? ಜಪಾನಿನ ವಾರಪತ್ರಿಕೆಗಳು ಓದುಗರಿಗೆ ಅಂಚೆಕಾರ್ಡು ಕೊಟ್ಟು ಯಾವ ಕಥೆ ಹಿಡಿಸಿತು ಅಂತ ಕೇಳ್ತವೆ. 'ಶೋನೆನ್ ಜಂಪ್' ಪತ್ರಿಕೆಯಲ್ಲಂತೂ ಧಾರಾವಾಹಿಯ ಆಯಸ್ಸು ನಿಂತಿರೋದೇ ಆ ಕಾರ್ಡಿನ ಮೇಲೆ. ಹಿಡಿಸಿತೇ ಅಂತ ಕೇಳುವ ಕಾರ್ಡು, ಇದರಲ್ಲಿ ನೀನಿದ್ದೀಯಾ ಅಂತ ಕೇಳಲ್ಲ. ದೋಷ ಇರೋದು ಅಲ್ಲಿ.

ಶಿರಾತೊ ಸಂಪೆಯಿಯ 'ಕಾಮುಯ್ ದೆನ್' 1964ರಿಂದ 1971ರವರೆಗೆ 'ಗಾರೊ' ಪತ್ರಿಕೆಯಲ್ಲಿ ಬಂತು. ಅದರ ನಾಯಕ ಹೊರಗಿಟ್ಟವರ ಮಗ. ಅಲ್ಲಿ ದಂಗೆ ಇದೆ, ರಕ್ತ ಇದೆ, ದೊಡ್ಡ ಕೃತಿ. ಆದರೆ ನೋಡಿ, ಕೇರಿಯ ಹುಡುಗ ಕಥೆಯೊಳಗೆ ಬರಬೇಕಾದರೆ ಕತ್ತಿ ಹಿಡಿದೇ ಬರಬೇಕು, ನೋವು ಹೊತ್ತೇ ಬರಬೇಕು. ಒಣಹಾಕಿದ ಬಟ್ಟೆ ನೋಡ್ತಾ ಮಾತು ಮರೆತು ನಿಲ್ಲುವ ಪುರುಸೊತ್ತು ಮಾತ್ರ ಉಳಿದವರಿಗೆ. ಇದೂ ಒಂದು ಬಗೆಯ ಹಂಚಿಕೆಯೇ. ಭೂಮಿ ಹಂಚಿದ ಹಾಗೇ ನಗುವನ್ನೂ ಹಂಚಿದ್ದಾರೆ.

ನಮ್ಮ ಕಡೆ ಹದಿನೇಳು ವರ್ಷದ ಪ್ರೀತಿ ಜಾತಿ ದಾಟಿದರೆ ಹೆಣ ಬೀಳುತ್ತೆ. ಅದನ್ನ ಬರೆಯಲೇಬೇಕು, ಬರೆಯುತ್ತಲೇ ಇರಬೇಕು. ಜೊತೆಗೇ, ಬರೆಯುವ ಹುಡುಗ ಹುಡುಗಿಯರಿಗೆ, ಅವರಿಗೆ ಪಾಠ ಹೇಳುವ ಮೇಷ್ಟ್ರುಗಳಿಗೆ ಒಂದು ಮಾತು. ಹಗುರವಾಗಿ ಬದುಕುವ ಹಕ್ಕು ನಮ್ಮ ಹೋರಾಟದ ಹೊರಗಿನದಲ್ಲ. ಕೇರಿಯ ಹುಡುಗಿ ಕೊಡಪಾನ ಪಕ್ಕಕ್ಕಿಟ್ಟು, ಹೇಳಬೇಕಾದ್ದನ್ನು ಹೇಳದೆ ಸುಮ್ಮನೆ ನಗುವ ಒಂದು ಪುಟ ನಮ್ಮಲ್ಲೂ ಬರಲಿ. ಅವಳು ಯಾವ ಊರಿನವಳು ಅಂತ ಆ ಪುಟದಲ್ಲಿ ಎಲ್ಲರಿಗೂ ಗೊತ್ತಿರಲಿ, ಯಾರೂ ಹೆದರದಿರಲಿ.